ತಾಯಿ ಚಿಟ್ಟೆ ಅರೆಯುವ ಸುಭದ್ರಾ ಕಾಕು

ಇಪ್ಪತ್ತಾರು ತುಂಬುವ ತನಕ ಕೇದಾರ, ಪತಂಗವೆಂದರೆ ಮುದಿಯಾದ ಚಿಟ್ಟೆ ಎಂದೇ ನಂಬಿದ್ದ. ಚಿಟ್ಟೆಗೆ ವಯಸ್ಸಾಗುತ್ತದೆ, ಬಿಸಿಲಿಗೆ ಬಣ್ಣ ಬಿಡುತ್ತದೆ, ಮೈ ದಪ್ಪಗಾಗುತ್ತದೆ. ಹಗಲಲ್ಲಿ ನಾಲ್ಕು ಜನರ ಎದುರು ಬರಲು ಸಂಕೋಚವಾಗಿ ಸಂಜೆಯ ಮೇಲೆ ಟ್ಯೂಬ್‌ಲೈಟಿಗೆ ಸುತ್ತು ಹಾಕಿಕೊಂಡಿರುತ್ತದೆ. ಹೈದರಾಬಾದಿನ ನಾಂಪಲ್ಲಿಯ ಕಚೇರಿಯಿಂದ ನಿವೃತ್ತರಾದ ಅಪ್ಪ ಹಗಲೆಲ್ಲ ಮನೆಯೊಳಗಿದ್ದು ಹೊತ್ತು ಇಳಿದ ಮೇಲೆ ಮಾತ್ರ ಬೀದಿಗೆ ಬರುವುದನ್ನು ನೋಡಿದ ಮೇಲಂತೂ ಈ ಸಿದ್ಧಾಂತ ಅವನಲ್ಲಿ ಇನ್ನಷ್ಟು ಗಟ್ಟಿಯಾಯಿತು. ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ, ಹೀಗಾಗಿ ಯಾರೂ ತಿದ್ದಲಿಲ್ಲ.

ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಮಾನ ಉಳಿಯುತ್ತಿತ್ತು. ಅವನು ಅದನ್ನು ಅಚ್ಚಿಗೆ ಬರೆದುಕೊಟ್ಟ.

ಅವನ ಕೆಲಸ ಅಮೀರ್‌ಪೇಟದಲ್ಲಿ, ಮದುವೆಗಳನ್ನು ಗುತ್ತಿಗೆ ಹಿಡಿದು ನಡೆಸಿಕೊಡುವ ಒಂದು ಕಂಪನಿಯಲ್ಲಿ. ಅದೇ ಕಟ್ಟಡದ ಎರಡನೆಯ ಮಹಡಿಯಲ್ಲಿ ಸಾಫ್ಟ್‌ವೇರಿನ ಮೂರು ಕೋರ್ಸು ಮುಗಿಸಿ, ಯಾವ ಕಂಪನಿಯೂ ಕರೆಯದೆ, ಕೊನೆಗೆ ಅದೇ ಮೆಟ್ಟಿಲಲ್ಲಿ ಇನ್ನೊಂದು ಮಹಡಿ ಹತ್ತಿ ಇಲ್ಲಿಗೆ ಸೇರಿದ್ದ. ಜೀವನದಲ್ಲಿ ಮೇಲೆ ಬಂದಿದ್ದೇನೆ ಎಂದು ಅವನು ನೆಂಟರಿಗೆ ಹೇಳಿದರೆ ಅದು ಪೂರ್ತಿ ಸುಳ್ಳೇನಲ್ಲ. ಕಂಪನಿಯ ಮಾಲೀಕ ಅಮೋಲ್, ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಹಿಂದಿ, ಗಿರಾಕಿ ಎದುರಿಗೆ ಯಾವುದು ಬೇಕೋ ಅದು ಆಡುವ ಮನುಷ್ಯ. ತಾಳಿ ಬೀಳುವ ಗಳಿಗೆಗೆ ಅಕ್ಷತೆಯ ಜೊತೆ ಮಂಟಪದಿಂದ ಜೀವಂತ ಚಿಟ್ಟೆ ಹಾರಿಸುವುದು ಅವನ ಹೊಸ ಐಟಂ. ಅದಕ್ಕೊಂದು ಕಾರ್ಡು ಬೇಕಾಗಿತ್ತು.

"ಮೆಹಮಾನರಿಗೆ ನಾಲೆಡ್ಜ್ ಸಿಗಬೇಕು ಮಿಯಾ. ಖಾಲಿ ಹಾರಿಸಿದ್ರ ಏನು ಮಜಾ? ಒಂದು ಪತಂಗ, ಒಂದು ಚಿಟ್ಟೆ, ಬಾಜೂಬಾಜೂಕ ಇಟ್ಟು ಕಂಪೇರ್ ಮಾಡು."

ಕೇದಾರ ಕುಳಿತಲ್ಲೇ ಒಂದೇ ಉಸಿರಿಗೆ ಬರೆದ. ಮೊದಲ ಸಾಲು: 'ಚಿಟ್ಟೆಯು ವಯಸ್ಸಾದ ಬಳಿಕ ಪತಂಗವಾಗುತ್ತದೆ.' ಬರೆದದ್ದನ್ನು ಚಿಟ್ಟೆ ಸಾಕುವ ಹೆಂಗಸಿಗೆ ಒಮ್ಮೆ ತೋರಿಸಿ ಬಾ ಎಂದು ಅಮೋಲ್ ಅವನನ್ನು ಲಿಂಗಂಪಲ್ಲಿಗೆ ಅಟ್ಟಿದ.

ಸ್ಟೇಷನ್ನಿನ ಹಿಂದೆ, ರೈಲು ಹಳಿಯ ಬೇಲಿಗೆ ಬೆನ್ನು ಹಚ್ಚಿ ನಿಂತ, ಕಂಪನಿ ಬಾಡಿಗೆಗೆ ಹಿಡಿದ ತಗಡಿನ ಶೆಡ್ಡು ಅದು. ಒಳಗೆ ಸೊಳ್ಳೆಪರದೆಯ ಬಟ್ಟೆಯಲ್ಲಿ ಹೊಲಿದ ಆಳೆತ್ತರದ ಪಂಜರಗಳು. ಮೂಲೆಯ ಮೇಜಿನ ಮೇಲೆ ಹಳೆಯ ಮೈಕ್ರೋಸ್ಕೋಪು, ಅದರ ಪಕ್ಕ ಅರೆಯಲು ಅಂಗೈಯಗಲದ ಒಂದು ಪಿಂಗಾಣಿ ಖಲಬತ್ತ. ಸುಭದ್ರಾ ಎಂಬ ಆ ಐವತ್ತೊಂಬತ್ತರ ಹೆಂಗಸು ಕಾಗದವನ್ನು ತೋಳುದ್ದ ದೂರ ಹಿಡಿದು ಓದಿದಳು. ಓದುವಾಗ ಅವಳ ಎದೆಯೊಳಗಿಂದ ಸಣ್ಣದೊಂದು ಸಿಳ್ಳೆ ಕೇಳುತ್ತಿತ್ತು.

"ಇದನ್ನ ಬರದಾಂವ ಯಾರು?"

"ನಾನ ರೀ."

"ಏನು ಓದೀದಿ?"

"ಬಿ.ಟೆಕ್ ರೀ."

"ಹಂಗಾದ್ರ ತಪ್ಪು ನಿಂದಲ್ಲ ಬಿಡು." ಕಾಗದವನ್ನು ಮಡಚಿ ಅವನ ಜೇಬಿಗೇ ತುರುಕಿದಳು. "ಮುದುಕಾದ ಚಿಟ್ಟಿ ಪತಂಗ ಆಗೂದಾದ್ರ, ನಾ ಯಾರೋ ತಮ್ಮಾ? ಮುದುಕಾದ ನೀನೇನು?"

ಹೈದರಾಬಾದಿನಲ್ಲಿ ಹುಟ್ಟಿ ಬೆಳೆದ ಕೇದಾರನಿಗೆ ಮನೆಯ ಹೊರಗೆ ಕನ್ನಡದಲ್ಲಿ ಬೈಸಿಕೊಂಡ ಅನುಭವ ಹೊಸದು. ಅವಮಾನಕ್ಕಿಂತ ಮೊದಲು ಅವನಿಗೆ ಒಂಥರಾ ಸಲಿಗೆ ಎನಿಸಿತು. ಮೇಡಂ ಎನ್ನುವುದನ್ನು ಅಲ್ಲಿಗೇ ಬಿಟ್ಟು, ಚಿಕ್ಕಮ್ಮನನ್ನು ಕರೆಯುವಂತೆ ಕಾಕು ಎಂದು ಕರೆಯತೊಡಗಿದ.

ಅವಳು ಕಪಾಟಿನಿಂದ ಬಿಸ್ಕತ್ತಿನ ಡಬ್ಬಿಯೊಂದನ್ನು ತೆಗೆದಳು. ಹತ್ತಿಯ ಮೇಲೆ ಅಂಗೈಗಿಂತ ದೊಡ್ಡದಾದ ಸತ್ತ ಪತಂಗವೊಂದು ಮಲಗಿತ್ತು. ಮಾಸಿದ ಹಳದಿ ರೆಕ್ಕೆ, ಪ್ರತಿ ರೆಕ್ಕೆಯಲ್ಲೂ ಕನ್ನಡಕದ ಗಾಜಿನಂಥ ಒಂದೊಂದು ಕಿಟಕಿ. ಟಸರ್ ಪತಂಗ. ಗೋದಾವರಿಯ ಕಡೆಯ ಕಾಡುಗಳಲ್ಲಿ ಮತ್ತಿ ಮರದ ಎಲೆ ತಿಂದು, ಮರದ ಮೇಲೇ ಗೂಡು ಕಟ್ಟುವ ಕಾಡುರೇಷ್ಮೆಯ ಹುಳು ಬೆಳೆದರೆ ಹೀಗಾಗುತ್ತದೆ.

"ಇದರ ಬಾಯಿ ಎಲ್ಲೈತಿ ತೋರಸು."

ಕೇದಾರ ಬಗ್ಗಿ ನೋಡಿದ. ಹಕ್ಕಿಗರಿಯಂಥ ಮೀಸೆ ಇತ್ತು, ಕಣ್ಣಿತ್ತು, ಬಾಯಿ ಮಾತ್ರ ಕಾಣಲಿಲ್ಲ.

"ಇಲ್ಲ. ಹುಳಾ ಇದ್ದಾಗ ತಿಂದಿದ್ದ ಮುಗೀತು. ರೆಕ್ಕಿ ಬಂದ ಮ್ಯಾಲೆ ಒಂದ ವಾರ. ನೀರೂ ಕುಡಿಯಂಗಿಲ್ಲ. ಹೆಣ್ಣು ಕುಂತಲ್ಲೆ ಕುಂದರತೈತಿ, ಗಂಡು ವಾಸನಿ ಹಿಡಕೊಂಡು ಹುಡುಕ್ಕೊಂತ ಬರತೈತಿ. ಮೊಟ್ಟಿ ಇಡತೈತಿ, ಸಾಯತೈತಿ. ಇನ್ನ ಇದನ್ನ ನೋಡು." ಪಂಜರದೊಳಗೆ ಕೈ ಹಾಕಿ ಕಿತ್ತಳೆ ಬಣ್ಣದ ಒಂದು ಚಿಟ್ಟೆಯನ್ನು ರೆಕ್ಕೆ ಮಡಚಿ ಎರಡು ಬೆರಳಲ್ಲಿ ಹಿಡಿದು ತಂದಳು. ಕಪ್ಪು ಅಂಚು, ಅಂಚಿನೊಳಗೆ ಬಿಳಿ ಚುಕ್ಕೆ. ಪುಸ್ತಕದಲ್ಲಿ ಅದು ಪ್ಲೇನ್ ಟೈಗರ್, ಅವಳಿಗೆ ಎಕ್ಕದ ಚಿಟ್ಟಿ. "ಇದಕ್ಕ ಗಡಿಯಾರದ ಸ್ಪ್ರಿಂಗಿನಂಗ ಸುತ್ತಿದ ನಾಲಗಿ ಐತಿ. ಹೂವಿಂದ ಹೂವಿಗೆ ಕುಡಕೊಂತ ಮೂರು ವಾರ ಬದಕತೈತಿ. ಹುಳಾ ಇದ್ದಾಗ ಎಕ್ಕದ ಹಾಲು ಕುಡದು ಮೈ ಎಲ್ಲ ವಿಷ ಮಾಡ್ಕೊಂಡಿರತೈತಿ. ಹಕ್ಕಿ ಒಮ್ಮೆ ತಿಂದ್ರ ವಾಂತಿ ಮಾಡತೈತಿ, ಮತ್ತ ಇದರ ಸುದ್ದಿಗೆ ಬರಂಗಿಲ್ಲ. ಅದಕ್ಕ ನೋಡು, ಹೆಂಗ ಧಿಮಾಕಿಲೆ ಹಾರತೈತಿ."

ಬೆರಳ ನಡುವೆ ಚಿಟ್ಟೆ ಅಲುಗಾಡದೆ ಬಿದ್ದಿತ್ತು.

"ಸತ್ತೇ ಹೋತಲ್ರಿ ಕಾಕೂ!"

"ನಾಟಕ. ಹಿಡದ್ರ ಸತ್ತಂಗ ಬೀಳತೈತಿ, ಬಿಟ್ರ ಓಡತೈತಿ." ಬಿಟ್ಟಳು. ಅದು ನೆಲಕ್ಕೆ ಬಿದ್ದು, ಕ್ಷಣ ಬಿಟ್ಟು, ಏನೂ ಆಗೇ ಇಲ್ಲವೆಂಬಂತೆ ಎದ್ದು ಹಾರಿತು. "ಇದನ್ನೂ ಬರಕೋ. ಮಂದಿಗೆ ಮಜಾ ಅನಸತೈತಿ."

ಕೇದಾರ ಬರೆದುಕೊಂಡ. ಆ ಸಾಲನ್ನು ಮುಂದೆ ಯಾರು, ಎಲ್ಲಿ ಓದಲಿದ್ದಾರೆ ಎಂದು ಗೊತ್ತಿದ್ದರೆ ಪೆನ್ನನ್ನೇ ಮುರಿದು ಹಾಕುತ್ತಿದ್ದ.

ಆಮೇಲೆ ಕಂಪನಿಯ ಕೆಲಸಕ್ಕೆಂದು ವಾರಕ್ಕೆರಡು ಸಲ ಶೆಡ್ಡಿಗೆ ಹೋಗುವುದಾಯಿತು. ಹೋದಾಗಲೆಲ್ಲ ಒಂದೊಂದು ತುಂಡು ತಿಳಿಯಿತು. ಅವಳ ಅಪ್ಪ ಗದಗದ ಕಡೆಯಿಂದ ಇಲ್ಲಿಯ ಕಾರ್ಖಾನೆಗೆ ಬಂದವರು. ಗಂಡನೂ ಲೇತ್ ಮೇಲೆ ಕೆಲಸ ಮಾಡುತ್ತಿದ್ದವನು, ಮದುವೆಯಾದ ಆರನೆಯ ವರ್ಷ ಕಾಮಾಲೆಯಲ್ಲಿ ತೀರಿಕೊಂಡ. ಮಕ್ಕಳಿಲ್ಲ. ಊರಾಚೆ ಕಾಡುರೇಷ್ಮೆಯ ಮೊಟ್ಟೆ ತಯಾರಿಸುವ ಒಂದು ಕೇಂದ್ರಕ್ಕೆ ದಿನಗೂಲಿಯ ಮೇಲೆ ಸೇರಿದಳು. ಇಪ್ಪತ್ತೇಳು ವರ್ಷ ದುಡಿದಳು. ಇಪ್ಪತ್ತೇಳು ವರ್ಷವೂ ದಿನಗೂಲಿಯೇ.

ಅವಳ ಕೆಲಸ ಇದು. ಟಸರ್ ಹೆಣ್ಣುಗಳನ್ನು ಒಂದೊಂದಾಗಿ ಮಣ್ಣಿನ ಕುಡಿಕೆಯಲ್ಲಿ ಮುಚ್ಚಿಟ್ಟಿರುತ್ತಾರೆ. ಮೂರು ದಿನ ಅದು ಮೊಟ್ಟೆಯಿಡುತ್ತದೆ. ಮೂರನೆಯ ದಿನ ಸುಭದ್ರಾ ಕುಡಿಕೆ ತೆರೆದು, ತಾಯಿಯನ್ನು ಎತ್ತಿ, ರೆಕ್ಕೆ ಕಿತ್ತು, ಹೊಟ್ಟೆಯ ಭಾಗವನ್ನು ಖಲಬತ್ತಕ್ಕೆ ಹಾಕಿ, ಸ್ವಲ್ಪ ಕ್ಷಾರದ ನೀರು ಬಿಟ್ಟು ಅರೆಯಬೇಕು. ಅರೆದದ್ದರ ಒಂದು ಹನಿಯನ್ನು ಗಾಜಿನ ಮೇಲೆ ಇಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಎಳ್ಳಿನಂಥ ಹೊಳೆಯುವ ಕಾಳು ಕಂಡರೆ ಗಂಟು ರೋಗ. ಆ ರೋಗ ತಾಯಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಹುಳುವಿಗೆ, ಒಂದು ಹುಳುವಿನಿಂದ ಇಡೀ ಮರಕ್ಕೆ ಹೋಗುತ್ತದೆ. ಹಾಗಾಗಿ ಕಾಳು ಕಂಡ ತಾಯಿಯ ಮೊಟ್ಟೆಗಳನ್ನೆಲ್ಲ ಸುಡಬೇಕು. ಹಂಗಾಮಿನಲ್ಲಿ ದಿನಕ್ಕೆ ಮುನ್ನೂರು ತಾಯಂದಿರನ್ನು ಅರೆದಿದ್ದಾಳೆ.

"ಬಾಣಂತಿ ಕೊಂದು ಕೂಸು ಆರಾಮ ಐತೇನು ಅಂತ ನೋಡೋ ಕೆಲಸ" ಎಂದಳು ಒಮ್ಮೆ, ಚಹಾ ಸೋಸುತ್ತ. ಕೇದಾರ ಆ ಚಹಾ ಕುಡಿಯಲು ಸ್ವಲ್ಪ ಹೊತ್ತು ತೆಗೆದುಕೊಂಡ.

ರೆಕ್ಕೆ ಕೀಳುವಾಗ ಹುಡಿ ಏಳುತ್ತದೆ. ಇಪ್ಪತ್ತೇಳು ವರ್ಷದ ಆ ಹುಡಿ ಅವಳ ಎದೆಯಲ್ಲಿ ಕೂತಿತ್ತು. ಸೆರಗಿನ ಗಂಟಿನಲ್ಲಿ ಯಾವಾಗಲೂ ಉಸಿರಿನ ಪಂಪು. ದವಾಖಾನೆಯ ಹೊಸ ಡಾಕ್ಟರು ಪ್ರತಿ ಸಲವೂ ಬೀಡಿ ಸೇದುತ್ತೀರಾ ಎಂದು ತೆಲುಗಿನಲ್ಲಿ ಕೇಳುತ್ತಾರಂತೆ. "ಚಿಟ್ಟಿ ಸೇದೀನಿ ಅಂದೆ. ಹುಚ್ಚು ಹಿಡದೈತಿ ಅಂತ ಬೇರೆ ಚೀಟಿ ಬರದು ಕೊಟ್ಟ."

ಒಂದು ಮಧ್ಯಾಹ್ನ, ಎಕ್ಕದ ಎಲೆ ಒರೆಸುತ್ತ ಕುಳಿತಿದ್ದಾಗ, ಕೇಳದೆಯೇ ಇನ್ನೊಂದು ಹೇಳಿದಳು. ಅವಳು ಕೆಲಸಕ್ಕೆ ಸೇರಿ ಹತ್ತೋ ಹನ್ನೊಂದೋ ವರ್ಷ ಆಗಿತ್ತು. ಕಾಡಿನಿಂದ ಮೊಟ್ಟೆಗೆ ಬೇಡಿಕೆ ಹೆಚ್ಚಿತ್ತು, ತಯಾರಾದದ್ದು ಕಡಿಮೆ ಇತ್ತು. ಅವತ್ತು ನಲವತ್ತು ಕುಡಿಕೆಗಳಲ್ಲಿ ರೋಗ ಸಿಕ್ಕಿತು. ಕೆಂಪು ದಾರ ಕಟ್ಟಿ ಬೇರೆ ಹಲಗೆಯ ಮೇಲೆ ಇಟ್ಟಳು. ಸುಡಬೇಕೆನ್ನುವಷ್ಟರಲ್ಲಿ ಆರು ಗಂಟೆಯಾಯಿತು, ಬಸ್ಸಿನ ಹೊತ್ತು. ನಾಳೆ ಸುಟ್ಟರಾಯಿತೆಂದು ಹೊರಟಳು. ಬೆಳಿಗ್ಗೆ ಬಂದರೆ ಕುಡಿಕೆಗಳು ಖಾಲಿ, ಕೆಂಪು ದಾರ ಮಾತ್ರ ನೆಲದ ಮೇಲೆ ಬಿದ್ದಿತ್ತು. ಎಲ್ಲಿ ಹೋದವೆಂದು ಅವಳು ಕೇಳಲಿಲ್ಲ. ಯಾರೂ ಹೇಳಲೂ ಇಲ್ಲ.

"ತಿಂಗಳಾದ ಮ್ಯಾಲೆ ಕಾಡಿನಿಂದ ಒಬ್ಬಾಕಿ ಬಂದ್ಲು. ಬುಟ್ಟಿ ತುಂಬ ಹುಳಾ. ಕರ್ರಗಾಗಿ ಸತ್ತಿದ್ವು. ತಂದು ನನ್ನ ಟೇಬಲ್ ಮ್ಯಾಲೆ ಇಟ್ಲು. ಬೈತಾಳಂತ ತಿಳದೆ. ಬೈಲಿಲ್ಲ. ಇಟ್ಟು ಹೋಗಿಬಿಟ್ಲು. ಎರಡು ಹಳ್ಳಿ ಬೆಳಿ ಹೋತಂತ ಆಮ್ಯಾಲೆ ಗೊತ್ತಾತು." ಎಲೆಯನ್ನು ಮಗುಚಿ ಹಾಕಿ ಒರೆಸಿದಳು. "ಅವತ್ತಿಂದ ಒಂದ ರೂಲು. ರೋಗ ಕಂಡ ಗಳಿಗಿಗೇ ಸುಡಬೇಕು. ಬಸ್ ಹೋಗಲಿ, ಮನಿ ಮುಳಗಲಿ. ರೋಗದ್ದನ್ನ ಇಟ್ಟು ಎದ್ದು ಹೋದೀಯೋ, ನೀನ ಕೊಟ್ಟಂಗ."

ಆ ರೂಲನ್ನು ಅವಳು ಈ ಶೆಡ್ಡಿಗೂ ತಂದಿದ್ದಳು. ಎಕ್ಕದ ಚಿಟ್ಟೆಗೆ ಗಂಟು ರೋಗ ಬರುವುದಿಲ್ಲ, ಆದರೂ ಮೊಟ್ಟೆಯಿಟ್ಟು ಸತ್ತ ತಾಯಂದಿರನ್ನು ಆಗಾಗ ಅರೆದು ನೋಡುವಳು. ಕೈಗೆ ಅಭ್ಯಾಸವಾಗಿತ್ತು. ಎರಡು ಸಲ ಏನೋ ಅನುಮಾನ ಬಂದು ಇಡೀ ಪಂಜರವನ್ನು ಕೇದಾರನ ಕಣ್ಣೆದುರೇ ಕಬ್ಬಿಣದ ಬುಟ್ಟಿಗೆ ಸುರಿದು, ಸೀಮೆಎಣ್ಣೆ ಚಿಮುಕಿಸಿ ಕಡ್ಡಿ ಗೀರಿದ್ದಳು. ಕುಡಿಯುತ್ತಿದ್ದ ಚಹಾವನ್ನೂ ಮುಗಿಸಿರಲಿಲ್ಲ.

ಏಪ್ರಿಲ್ ಬಂತು. ಕಂಪನಿಗೆ ಅಲ್ಲಿಯವರೆಗಿನ ಅತಿದೊಡ್ಡ ಮದುವೆ ಸಿಕ್ಕಿತು. ಮೇಡ್ಚಲ್ ರಸ್ತೆಯ ಕನ್ವೆನ್ಷನ್ ಹಾಲು, ಭಾನುವಾರ ಬೆಳಿಗ್ಗೆಯ ಮುಹೂರ್ತ, ಮುನ್ನೂರು ಚಿಟ್ಟೆ. ಹುಡುಗಿಯ ಕಡೆಯವರು ಕಲಬುರ್ಗಿಯ ಮೂಲದವರೆಂದು ಮಾತುಕತೆಗೆ ಕೇದಾರನನ್ನೇ ಬಿಟ್ಟಿದ್ದರು. ಆರು ತಿಂಗಳ ಪ್ರೊಬೇಷನ್ನಿನ ಕೊನೆಯ ವಾರ ಅದು. ಈ ಮದುವೆ ಸರಿಯಾಗಿ ನಡೆದರೆ ಕೆಲಸ ಖಾಯಂ, ಇಲ್ಲವಾದರೆ ಇಲ್ಲ ಎಂದು ಅಮೋಲ್ ಬಾಯಿಬಿಟ್ಟೇ ಹೇಳಿದ್ದ. ಕೆಲಸ ಹೋದರೆ ಕೇದಾರ ಮತ್ತೆ ಒಂದು ಮಹಡಿ ಕೆಳಗಿಳಿದು ನಾಲ್ಕನೆಯ ಕೋರ್ಸಿಗೆ ಸೇರಬೇಕಿತ್ತು. ಕೆಳಗಿನವರು ಈಗಾಗಲೇ ಅವನನ್ನು ಕಂಡರೆ ರಿಯಾಯಿತಿಯ ಚೀಟಿ ಹಿಡಿದು ನಗುತ್ತಿದ್ದರು.

ಶುಕ್ರವಾರ ಬೆಳಿಗ್ಗೆ ಅವನು ಶೆಡ್ಡಿಗೆ ಬಂದಾಗ ಸುಭದ್ರಾ ಮೈಕ್ರೋಸ್ಕೋಪಿನ ಮೇಲೆ ಬಗ್ಗಿದ್ದಳು. ಪಂಜರಗಳಲ್ಲಿ ಹಿಂದಿನ ದಿನದಿಂದ ಚಿಟ್ಟೆಗಳು ಕೋಶ ಒಡೆದು ಬರತೊಡಗಿದ್ದವು. ಮುನ್ನೂರಕ್ಕೂ ಹೆಚ್ಚು ಇದ್ದವು. ಆದರೆ ಕೆಲವು ಅರ್ಧ ಹೊರಬಂದು ಅಲ್ಲೇ ಸಿಕ್ಕಿಕೊಂಡಿದ್ದವು. ಕೆಲವುಗಳ ರೆಕ್ಕೆ ಹಿಂಡಿಟ್ಟ ಬಟ್ಟೆಯಂತೆ ಸುಕ್ಕಾಗಿತ್ತು.

"ನೋಡು" ಎಂದು ಜಾಗ ಬಿಟ್ಟಳು.

ಕೇದಾರ ನೋಡಿದ. ರೆಕ್ಕೆಯ ಹುಡಿಯ ನಡುವೆ ಸಣ್ಣ ಸಣ್ಣ ಕಂದು ಕಾಳುಗಳು. ಎಷ್ಟು ಎಂದರೆ, ಎಣಿಸುವ ಮಾತೇ ಇಲ್ಲ.

"ಗಂಟು ರೋಗೇನ್ರಿ?"

"ಅಲ್ಲ. ಇದರದ ಬ್ಯಾರೆ. ತಾಯಿಯಿಂದ ಬರೂದೊಂದ ಎರಡಕ್ಕೂ ಸಮ. ಎಲ್ಲಾ ಪಂಜರದಾಗೂ ಐತಿ. ಹಾರಂಗಿಲ್ಲ ಇವು. ಹಾರಿದಷ್ಟು ಹೊರಗಿನ ಎಕ್ಕದ ಮ್ಯಾಲೆಲ್ಲ ಈ ಕಾಳು ಉದುರಿಸಿ ಬರತಾವ."

ಕೇದಾರ ಅಮೋಲನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟ. ಮಾತಾಡುವ ಧೈರ್ಯ ಅವನಿಗಿರಲಿಲ್ಲ, ಹಿಡಿದುಕೊಳ್ಳುವ ಧೈರ್ಯವೂ ಇರಲಿಲ್ಲ. ರೋಗದ ಸುದ್ದಿಯನ್ನು ಸುಭದ್ರಾಳೇ ಹೇಳಿದಳು.

"ಕಾಕೂ, ಪತಂಗದ ಬೀಮಾರಿ ಚಿಟ್ಟೆಗೆ ಹೆಂಗ ಬರ್ತದ್ರಿ?" ಅಮೋಲನ ದನಿಯಲ್ಲಿ ಇನ್ನೂ ನಗು ಇತ್ತು. "ಅದು ಬೇರೆ, ಇದು ಬೇರೆ ಅಂತ ನೀವೇ ಕಾರ್ಡಿನಾಗ ಬರಿಸೀರಿ!"

"ಬರಿಸೀನಿ. ಸಾಯೂದ್ರಾಗ ಬ್ಯಾರೆ ಅಂತ ಬರಿಸಿಲ್ಲ."

ನಗು ನಿಂತಿತು. "ನೋಡ್ರಿ, ಭಾನುವಾರ ಚಿಟ್ಟೆ ಹಾರಲಿಲ್ಲಂದ್ರ ಸೋಮವಾರ ಶೆಡ್ಡಿಗೆ ಬೀಗ. ನಿಮಗೂ ಛುಟ್ಟಿ, ನಿಮ್ಮ ಚೇಲಾನಿಗೂ ಛುಟ್ಟಿ. ಮುಂದಿಂದು ನಿಮ್ಮ ಮರ್ಜಿ." ಫೋನು ಸತ್ತಿತು.

ಸುಭದ್ರಾಳ ಎದೆಯ ಸಿಳ್ಳೆ ಜೋರಾಗಿತ್ತು. ಪಂಪು ತೆಗೆದು ಎರಡು ಸಲ ಎಳೆದುಕೊಂಡಳು. ಆಮೇಲೆ ಕೆಂಪು ದಾರದ ಉಂಡೆ ತೆಗೆದು ಆರೂ ಪಂಜರಗಳಿಗೆ ಒಂದೊಂದು ತುಂಡು ಕಟ್ಟಿದಳು. ಕಬ್ಬಿಣದ ಬುಟ್ಟಿಯನ್ನು ಅಂಗಳಕ್ಕೆ ಎಳೆದಳು. ಅದರ ಮುಂದೆ ನಿಂತು ಕಡ್ಡಿಪೆಟ್ಟಿಗೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದಳು.

"ಕಡ್ಡಿ ಹಸಿ ಆಗ್ಯಾವ" ಎಂದಳು. "ನಾಳೆ ಸುಡೂಣು."

ಕೇದಾರನಿಗೆ ಹೋದ ಜೀವ ಬಂದಂತಾಯಿತು. ಅವಳು ಹೇಳಿದ್ದನ್ನು ಅವನು ಮರುಮಾತಿಲ್ಲದೆ ಒಪ್ಪಿಕೊಂಡ. ಬೇಕಾದ ಮಾತನ್ನು ಪರೀಕ್ಷೆ ಮಾಡುವ ಚಾಳಿ ಅವನಿಗೆ ಚಿಕ್ಕಂದಿನಿಂದಲೂ ಇರಲಿಲ್ಲ.

"ನಾಳೆ ಮುಂಜಾನೆ ನಾ ದವಾಖಾನಿಗೆ ಹೊಂಟೀನಿ. ಎದಿಗೆ ಔಷಧದ ಹೊಗಿ ಕೊಡಿಸ್ಕೊಂಡು ಬರಾಕ ಮಧ್ಯಾಹ್ನ ಆಗತೈತಿ" ಎಂದಳು ಅವಳು, ಬೀಗದ ಕೈಯನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕುತ್ತ. ಸಾಮಾನ್ಯವಾಗಿ ಅದು ಅವಳ ಸೊಂಟದಲ್ಲಿರುತ್ತಿತ್ತು.

ಶನಿವಾರ ಹತ್ತು ಗಂಟೆಗೆ ಕೇದಾರ ಕಂಪನಿಯ ವ್ಯಾನು ತಂದ. ಮದುವೆಗೆ ಚಿಟ್ಟೆ ಒಯ್ಯುವ ಕ್ರಮ ಅವನಿಗೆ ಅವಳೇ ಕಲಿಸಿದ್ದಳು. ರೆಕ್ಕೆ ಮಡಚಿ, ಕಾಗದದ ಮೂರು ಮೂಲೆಯ ಪೊಟ್ಟಣದಲ್ಲಿ ಒಂದೊಂದನ್ನೇ ಇಟ್ಟು, ತಣ್ಣನೆಯ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಬೇಕು. ತಂಪಿಗೆ ಅವು ಮಲಗುತ್ತವೆ. ಬಿಸಿಲಿಗೆ ತೆಗೆದರೆ ಏಳುತ್ತವೆ. ಅವನು ಸುಕ್ಕು ರೆಕ್ಕೆಯವನ್ನು ಆರಿಸಿ ಬುಟ್ಟಿಗೆ ಹಾಕಿದ. ನೋಡಲು ನೆಟ್ಟಗಿದ್ದವನ್ನು ಪೊಟ್ಟಣ ಕಟ್ಟಿದ. ಹಿಂದಿನ ಮದುವೆಗಳಲ್ಲಿ ಕಾಲು ಬಡಿದು ಬೆರಳಿಗೆ ಹುಡಿ ಮೆತ್ತುತ್ತಿದ್ದ ಚಿಟ್ಟೆಗಳು ಈ ಸಲ ಒಂದೂ ಗಲಾಟೆ ಮಾಡಲಿಲ್ಲ. ಒಳ್ಳೆಯ ಸಂಸ್ಕಾರದ ಬ್ಯಾಚು ಎಂದುಕೊಂಡ. ನಿಜ ಹೇಳಬೇಕೆಂದರೆ ಹಾಗೆ ಅಂದುಕೊಳ್ಳಲು ಅವನು ಸಾಕಷ್ಟು ಪ್ರಯತ್ನಪಟ್ಟ. ಕೆಂಪು ದಾರಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡು ಬೀಗದ ಕೈಯನ್ನು ಅದೇ ಮೊಳೆಗೆ ಸಿಕ್ಕಿಸಿದ.

ಮಧ್ಯಾಹ್ನವೆಲ್ಲ ಅವಳ ಫೋನಿಗೆ ಕಾದ. ಬರಲಿಲ್ಲ. ದೇವರು ದೊಡ್ಡವನು ಎಂದುಕೊಂಡ.

ಭಾನುವಾರ ಮುಹೂರ್ತಕ್ಕೆ ಸರಿಯಾಗಿ ಮೇಳದವರು ಗಟ್ಟಿಮೇಳ ಹಿಡಿದರು. ತಾಳಿ ಬಿತ್ತು. ಅಕ್ಷತೆ ಹಾರಿತು. ಮಂಟಪದ ನಾಲ್ಕು ಮೂಲೆಯ ಬಿಳಿ ಪೆಟ್ಟಿಗೆಗಳ ಮುಚ್ಚಳವನ್ನು ಹುಡುಗರು ಒಟ್ಟಿಗೇ ಎಳೆದರು.

ಇಪ್ಪತ್ತೋ ಇಪ್ಪತ್ತೈದೋ ಎದ್ದವು. ಛತ್ತಿನವರೆಗೂ ಹೋಗದೆ, ಓರೆಯಾಗಿ, ಬೆಳಕಿದ್ದ ಬಾಗಿಲ ಕಡೆಗೆ ತೂರಿಕೊಂಡು ಹೊರಗೆ ಹೋದವು. ಉಳಿದವು ಪೆಟ್ಟಿಗೆಯ ಅಂಚಿನಿಂದ ಕೆಳಗೆ ಉದುರಿದವು. ಮಂಟಪದ ಮೆಟ್ಟಿಲ ಮೇಲೆ, ಅಕ್ಕಿಕಾಳಿನ ಮೇಲೆ, ವಧುವಿನ ಸೀರೆಯ ನೆರಿಗೆಯಲ್ಲಿ, ಪುರೋಹಿತರ ತಟ್ಟೆಯಲ್ಲಿ. ಕಿತ್ತಳೆ ಬಣ್ಣ ಚೆಂದವಾಗಿಯೇ ಕಾಣುತ್ತಿತ್ತು. ಮೊದಲ ಕ್ಷಣ ಕೆಲವರು ಚಪ್ಪಾಳೆಯನ್ನೂ ತಟ್ಟಿದರು, ಹೂವಿನ ಎಸಳೆಂದು.

ಅಮೋಲ್ ಮೈಕು ಕಸಿದುಕೊಂಡ. ಇನ್ನೊಂದು ಕೈಯಲ್ಲಿ ಕೇದಾರ ಬರೆದ ಕಾರ್ಡು. "ಲೇಡೀಸ್ ಅಂಡ್ ಜಂಟಲ್ಮನ್, ಗಾಬರಿ ಆಗಬ್ಯಾಡ್ರಿ. ಇದು ಈ ಚಿಟ್ಟೆಯ ವಿಶೇಷ. ಹಿಡಿದರೆ ಸತ್ತಂತೆ ನಟಿಸುತ್ತದೆ, ಬಿಟ್ಟರೆ ಹಾರುತ್ತದೆ. ಇನ್ನ ಐದು ನಿಮಿಷ. ನಿಮ್ಮ ಫೋನ್ ರೆಡಿ ಇಟ್ಟುಕೊಳ್ರಿ."

ಎರಡು ಸಾವಿರ ಜನ ಕಾದರು. ನೂರಾರು ಫೋನುಗಳು ನೆಲದ ಕಡೆ ತಿರುಗಿದವು. ಮೇಳದವರು ಊದುವುದೋ ಬಿಡುವುದೋ ತಿಳಿಯದೆ ತುಟಿಯ ಹತ್ತಿರ ಹಿಡಿದುಕೊಂಡೇ ನಿಂತರು. ವಧು ಕಾಲು ಎತ್ತಿಡಲು ಜಾಗವಿಲ್ಲದೆ ಒಂಟಿ ಕಾಲಲ್ಲಿ ನಿಂತಳು. ಕಂಬದ ಹಿಂದೆ ನಿಂತ ಕೇದಾರ, ಹಾರಿ, ಹಾರಿ, ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಒಂದೆರಡು ಕಾಲು ಆಡಿಸಿದವು. ಅಷ್ಟೆ.

ವಧುವಿನ ಅಜ್ಜಿ ಜಯಮ್ಮ, ಎಂಬತ್ತು ದಾಟಿದಾಕೆ, ಮೆಲ್ಲಗೆ ಬಗ್ಗಿ ಒಂದನ್ನು ಅಂಗೈಯಲ್ಲಿ ಎತ್ತಿಕೊಂಡಳು. ಊದಿದಳು. ಬೆರಳಿನಿಂದ ಮಗುಚಿದಳು.

"ಇದು ಸತ್ತೈತಲ್ಲೋ" ಎಂದಳು. ಮೈಕು ಹತ್ತಿರವೇ ಇತ್ತು, ಇಡೀ ಹಾಲಿಗೆ ಕೇಳಿತು. "ನಮ್ಮ ಹುಡುಗಿ ತಲಿ ಮ್ಯಾಲೆ ಅಕ್ಷತಿ ಜೋಡಿ ಹೆಣಾ ಚೆಲ್ಲಿದಿರೇನೋ, ಬಾಡ್ಯಾಗೋಳ್ರ್ಯಾ?"

ಆಮೇಲೆ ನಡೆದದ್ದನ್ನು ವಿವರಿಸಲು ಕೇದಾರ ಎಂದೂ ಒಪ್ಪಿಲ್ಲ. ವಧುವಿನ ತಾಯಿ ಅತ್ತಳು. ಗಂಡಿನ ಕಡೆಯವರು ಶಾಂತಿ ಮಾಡಿಸಬೇಕೆಂದರು. ಕಸ ಹೊಡೆಯುವ ಹೆಂಗಸರು ಬಂದು ಅಕ್ಕಿಯನ್ನೂ ಚಿಟ್ಟೆಯನ್ನೂ ಒಟ್ಟಿಗೇ ಗುಡಿಸಿ ಕಪ್ಪು ಚೀಲಕ್ಕೆ ತುಂಬಿದರು. ಅಡುಗೆಮನೆಯ ಹಿಂದೆ ಅಮೋಲ್ ಕೇದಾರನ ಕೊರಳ ಐಡಿ ಕಾರ್ಡನ್ನು ತಾನೇ ಕೈಯಾರೆ ತೆಗೆದ. ಕಾರ್ಡು ಬರೆದವನದೇ ತಪ್ಪಂತೆ. ಒಂದು ರೀತಿಯಲ್ಲಿ ಅದೂ ಸುಳ್ಳಲ್ಲ. ಸೋಮವಾರ ಶೆಡ್ಡಿಗೆ ಬೀಗ ಬಿತ್ತು. ಅಮೋಲನ ಮುಂದಿನ ಮದುವೆಯಲ್ಲಿ ಬ್ಯಾಟರಿಯ ಚಿಟ್ಟೆ ಹಾರಿದವೆಂದು ಆಮೇಲೆ ಯಾರೋ ಹೇಳಿದರು.

ಮೂರು ವಾರ ಕೇದಾರ ಲಿಂಗಂಪಲ್ಲಿಯ ಕಡೆ ತಲೆ ಹಾಕಲಿಲ್ಲ. ಅವಳ ಎದುರು ನಿಲ್ಲುವ ಮುಖವಿರಲಿಲ್ಲ. ಒಂದು ಬೆಳಿಗ್ಗೆ ಅವಳದೇ ಫೋನು ಬಂತು.

"ಖಾಲಿ ಅದೀಯೇನು?"

"ಪೂರಾ ಖಾಲಿ ರೀ."

"ಮೇಡ್ಚಲ್ ರೋಡಿನ ಆ ಹಾಲು ತೋರಸು ಬಾ. ಒಂದು ಕತ್ತರಿ ತಗೊಂಡು ಬಾ."

ಹಾಲಿನ ಹಿಂಬದಿಯ ಕಾಂಪೌಂಡಿನಾಚೆ ಖಾಲಿ ನಿವೇಶನವಿತ್ತು. ತುಂಬ ಎಕ್ಕದ ಗಿಡಗಳು. ಮದುವೆಯ ದಿನ ಬಾಗಿಲಿನಿಂದ ತೂರಿಹೋದ ಆ ಇಪ್ಪತ್ತೈದು ಇಲ್ಲಿಗೇ ಬಂದಿದ್ದವು. ಮೊಟ್ಟೆಯಿಟ್ಟಿದ್ದವು. ಎಲೆಯಡಿಯಲ್ಲಿ ತೂಗುವ ಕೋಶಗಳು ತಿಳಿಹಸಿರು ಇರಬೇಕಿತ್ತು, ಬಂಗಾರದ ಚುಕ್ಕೆಯಿರಬೇಕಿತ್ತು. ಬಹಳಷ್ಟು ಕೊಳೆತ ದ್ರಾಕ್ಷಿಯಂತೆ ಕಪ್ಪಾಗಿದ್ದವು. ಒಂದರಲ್ಲಿ ಅರ್ಧ ಹೊರಬಂದ ಚಿಟ್ಟೆ ತಲೆ ಕೆಳಗಾಗಿ ಒಣಗಿತ್ತು. ಮದುವೆಗೆಂದು ಸಾಕಿದವುಗಳ ಸಂತತಿಯಷ್ಟೇ ಅಲ್ಲ, ಯಾರೂ ಸಾಕದ ಈ ಜಾಗದ್ದೇ ಚಿಟ್ಟೆಗಳೂ ಅವುಗಳಲ್ಲಿದ್ದವು.

ಇಬ್ಬರೂ ಗಿಡಗಿಡ ತಿರುಗಿ, ಕೋಶವಿದ್ದ ಎಲೆ ಕತ್ತರಿಸಿ, ಹುಳು ಆರಿಸಿ, ಅವಳು ತಂದಿದ್ದ ಕಬ್ಬಿಣದ ಬುಟ್ಟಿಗೆ ತುಂಬಿದರು. ಎಕ್ಕದ ಹಾಲು ಬೆರಳಿಗೆ ಅಂಟಿ ಕಪ್ಪಾಯಿತು. ಬಿಸಿಲು ತಲೆಯನ್ನು ಸುಡುತ್ತಿತ್ತು. ಹತ್ತು ಹೆಜ್ಜೆಗೊಮ್ಮೆ ಅವಳು ನಿಂತು ಪಂಪು ಎಳೆಯುತ್ತಿದ್ದಳು.

"ಎಲ್ಲಾ ಸಿಗತಾವೇನ್ರಿ ಕಾಕೂ?"

"ಇಲ್ಲ."

"ಮತ್ತ?"

"ಸಿಕ್ಕಷ್ಟು."

ಬುಟ್ಟಿ ತುಂಬಿದ ಮೇಲೆ ಅವಳು ಸೀಮೆಎಣ್ಣೆ ಹಾಕಿದಳು. ಸೆರಗಿನಿಂದ ಕಡ್ಡಿಪೆಟ್ಟಿಗೆ ತೆಗೆದಳು. ಕೇದಾರ ಅದನ್ನು ಗುರುತಿಸಿದ. ಶೆಡ್ಡಿನದೇ, ಒಂದು ಮೂಲೆ ಹರಿದ ಅದೇ ಪೆಟ್ಟಿಗೆ. ಮೊದಲನೆಯ ಗೀರಿಗೇ ಚರ್ರೆಂದು ಹತ್ತಿತು.

ಆಗ ಅವನಿಗೆ ಹೊಳೆಯಿತು. ಅವತ್ತೂ ಏಪ್ರಿಲ್. ಹೈದರಾಬಾದಿನ ಏಪ್ರಿಲ್ಲಿನಲ್ಲಿ ಒಗೆದ ಬಟ್ಟೆ ಹಿಂಡುವ ಮೊದಲೇ ಒಣಗುತ್ತದೆ. ತಗಡಿನ ಶೆಡ್ಡಿನೊಳಗೆ ಕಡ್ಡಿ ಹಸಿಯಾಗುವುದೆಂದರೆ ಏನು? ಸೊಂಟ ಬಿಡದ ಬೀಗದ ಕೈ ಮೊಳೆಗೆ ಬಂದದ್ದೆಂದರೆ ಏನು? ಮೂರು ವಾರದಿಂದ ತಾನು ಕಳ್ಳನೆಂದು ಒಳಗೊಳಗೇ ಬೆಂದದ್ದು ನೆನಪಾಯಿತು. ಈ ಊರಿನಲ್ಲಿ ಅದೊಂದು ಕೆಲಸವನ್ನಾದರೂ ತಾನೊಬ್ಬನೇ, ಯಾರ ನೆರವೂ ಇಲ್ಲದೆ ಮಾಡಿದ್ದೇನೆ ಎಂದುಕೊಂಡಿದ್ದ. ಅದೂ ಆಗಿರಲಿಲ್ಲ.

ಬುಟ್ಟಿಯಲ್ಲಿ ಎಲೆ ಚಟಚಟ ಎನ್ನುತ್ತಿತ್ತು. ಹೊಗೆ ತನ್ನ ಕಡೆ ತಿರುಗಿದರೂ ಅವಳು ಸರಿಯಲಿಲ್ಲ.

ಕೇಳಬಾರದೆಂದುಕೊಂಡೇ ಕೇದಾರ ಕೇಳಿದ. "ಕಾಕೂ, ರೋಗ ಕಂಡ ಗಳಿಗಿಗೇ ಸುಡಬೇಕು ಅಂತ ನಿಮ್ಮದ ರೂಲು. ಅವತ್ತು ಕಡ್ಡಿ ಹಸಿ ಇರಲಿಲ್ಲ. ಯಾಕ ಸುಡಲಿಲ್ರಿ?"

ಸುಭದ್ರಾ ಕೋಲಿನಿಂದ ಬೆಂಕಿಯನ್ನು ಒಮ್ಮೆ ಕೆದಕಿದಳು. ಅವನ ಮುಖ ನೋಡಿಯೇ ಹೇಳಿದಳು.

"ನೀ ಒಯ್ತಿ ಅಂತ ಗೊತ್ತಿತ್ತು. ನನಗೂ ಕೆಲಸ ಬೇಕಾಗಿತ್ತು."